ನಗು ಹುಟ್ಟುವ ಜಾಗ

ಪ್ರಶ್ನೆ: ಹಳೆಯ ಹಾಸ್ಯ ಧಾರಾವಾಹಿ ನೋಡುವಾಗ ನಮ್ಮ ಯಜಮಾನರು ಬಿದ್ದು ಬಿದ್ದು ನಗುವ ಕಡೆ ನನಗೆ ನಗು ಬರುವುದಿಲ್ಲ. ಹೆಂಗಸರ ಹಾಸ್ಯ, ಗಂಡಸರ ಹಾಸ್ಯ ಎಂದು ಬೇರೆ ಬೇರೆ ಇದೆಯೇ?
– ಓದುಗರೊಬ್ಬರು, ಹೊಳಲ್ಕೆರೆ

ಉತ್ತರ: ಇದೆಯೆಂದೇ ನಾನೂ ಬಹಳ ಕಾಲ ನಂಬಿದ್ದೆ, ತಾಯಿ. ದಾವಣಗೆರೆಯ ನಮ್ಮ ಮನೆಯಲ್ಲಿ ಮಂಡಕ್ಕಿಯ ತಟ್ಟೆ ಮುಂದಿಟ್ಟುಕೊಂಡು ‘ಪಾಪ ಪಾಂಡು’ ನೋಡುತ್ತಿದ್ದೆವು. ಹೆಂಡತಿ ಪಾಂಡುವಿಗೆ ಬಾರಿಸಿದಾಗ ಅಪ್ಪ ನಗುತ್ತಿದ್ದರು. ಅಮ್ಮ ಅದಕ್ಕೂ ಮೊದಲೇ, ಅವನು ನೆಪ ಹೇಳಲು ಬಾಯಿ ತೆರೆದಾಗಲೇ, ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು.

ನನ್ನ ನಂಬಿಕೆ ಬದಲಾದದ್ದು ಅಮೆರಿಕದ ‘ಐ ಲವ್ ಲೂಸಿ’ಯಿಂದ. 1952ರ ಒಂದು ಕಂತಿನಲ್ಲಿ ಹೆಂಗಸರು ಚಾಕೊಲೇಟ್ ಕಾರ್ಖಾನೆಯಲ್ಲಿ ದುಡಿಯಲು ಹೋಗುತ್ತಾರೆ, ಗಂಡಂದಿರು ಮನೆ ನೋಡಿಕೊಳ್ಳುತ್ತಾರೆ. ಅಲ್ಲಿ ಚಾಕೊಲೇಟ್ ಸಾಗಿಸುವ ಪಟ್ಟಿಯ ವೇಗಕ್ಕೆ ಕೈ ಸಾಲದೆ ಲೂಸಿ ಬಾಯಿ, ಟೋಪಿಗಳಿಗೆಲ್ಲ ಚಾಕೊಲೇಟ್ ತುರುಕಿಕೊಳ್ಳುತ್ತಾಳೆ. ಇಲ್ಲಿ ಗಂಡ ಅಳತೆ ತಿಳಿಯದೆ ಸುರಿದ ಅಕ್ಕಿ ಉಕ್ಕಿ ಪಾತ್ರೆಯಿಂದ ಹೊರಬರುತ್ತದೆ. ಇಂಗ್ಲಿಷ್ ಬಾರದ ಅಮ್ಮ ಅಕ್ಕಿ ಉಕ್ಕಿದಾಗ ಕಣ್ಣೀರು ಬರುವಷ್ಟು ನಕ್ಕರು. ಹತ್ತಿಗಿರಣಿಯಲ್ಲಿ ದುಡಿದ ಅಪ್ಪನಿಗೆ ಆ ಪಟ್ಟಿಯ ದೃಶ್ಯವನ್ನು ಎಷ್ಟು ಸಲ ತೋರಿಸಿದರೂ ಸಾಲದು. ಅವರ ಜೊತೆ ಅಷ್ಟೇ ನಕ್ಕವಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ ಮಾಡುವ ನನ್ನ ತಂಗಿ! ಯಂತ್ರದ ಮುಂದೆ ನಿಂತವರಿಗೆ ಆ ಅವಸರ ಗೊತ್ತು, ಒಲೆಯ ಮುಂದೆ ನಿಂತವರಿಗೆ ಆ ಅಕ್ಕಿ ಗೊತ್ತು. ಗಂಡು ಹೆಣ್ಣೆಂಬುದಕ್ಕಿಂತ ಕೈ ಯಾವ ಕೆಲಸದಲ್ಲಿ ಪಳಗಿದೆ ಎಂಬುದೇ ದೊಡ್ಡದು ಎಂದು ನನಗೆ ಆಗ ಅನಿಸಿತು.

ನಿಮ್ಮ ಯಜಮಾನರಿಗೆ ಎಂಟು ದಿನ ಅನ್ನ ಮಾಡಲು ಬಿಡಿ. ಆಮೇಲೆ ಈ ಕಂತನ್ನು ಇಬ್ಬರೂ ಕುಳಿತು ನೋಡಿ.