ಬ್ಯಾಟರಿ ತೆಗೆದು ಹಾಕಿದ ಮೇಲೆ ಕಾರಿನ ಗಾಜು ಒಂದೇ ಒತ್ತಿಗೆ ಮೇಲೇರುತ್ತಿಲ್ಲ, ಯಾಕೆ?

ಏನೂ ಕೆಟ್ಟಿಲ್ಲ, ಗಾಜು ಎಲ್ಲಿದೆ ಎಂಬುದನ್ನು ಕಾರು ಮರೆತಿದೆ ಅಷ್ಟೆ. ಇಗ್ನಿಷನ್ ಆನ್ ಮಾಡಿ ಗಾಜನ್ನು ಪೂರ್ತಿ ಇಳಿಸಿ. ಆಮೇಲೆ ಸ್ವಿಚ್ ಎಳೆದು ಹಿಡಿದೇ ಮೇಲೇರಿಸಿ. ಗಾಜು ಚೌಕಟ್ಟಿಗೆ ತಾಗಿ ನಿಂತ ಮೇಲೂ 5 ಸೆಕೆಂಡು ಬಿಡಬೇಡಿ. ಹೆಚ್ಚಿನ ಕಾರುಗಳಿಗೆ ಇಷ್ಟೇ ಸಾಕು. ಒಂದೇ ಒತ್ತಿಗೆ ಗಾಜು ಏರುವ ಆಟೋ ಸೌಲಭ್ಯ ಇರುವ ಪ್ರತಿ ಬಾಗಿಲಿಗೂ ಅದರದ್ದೇ ಸ್ವಿಚ್‌ನಿಂದ ಬೇರೆಯಾಗಿ ಮಾಡಬೇಕು. ಹಿಡಿಯುವ ಸಮಯ ಮಾದರಿಗೆ ತಕ್ಕಂತೆ ಬದಲಾಗುತ್ತದೆ, ಕೈಪಿಡಿ ನೋಡಿಕೊಳ್ಳಿ.

ಕಾರಣ ಇದು: ಗಾಜು ಎಲ್ಲಿದೆ ಎಂಬುದನ್ನು ಕಾರು ಕಣ್ಣಿಂದ ನೋಡುವುದಿಲ್ಲ, ಮೋಟಾರು ಎಷ್ಟು ಸುತ್ತು ತಿರುಗಿತು ಎಂದು ಎಣಿಸಿ ತಿಳಿಯುತ್ತದೆ. ಕರೆಂಟು ಹೋದಾಗ ಆ ಲೆಕ್ಕ ಅಳಿಸಿಹೋಗುತ್ತದೆ. ಮೇಲಿನ ತುದಿ ಎಲ್ಲಿ ಎಂದೇ ಗೊತ್ತಿಲ್ಲದಿದ್ದರೆ, ಅಡ್ಡ ಸಿಕ್ಕಿದ್ದು ಚೌಕಟ್ಟೋ ಮಗುವಿನ ಬೆರಳೋ ಎಂದು ಗುರುತಿಸಲಾಗದು. ಹಾಗಾಗಿ ಅದು ತಾನಾಗಿ ಮುಚ್ಚಲು ಒಪ್ಪುವುದಿಲ್ಲ. ನೀವು ತುದಿ ಮುಟ್ಟಿಸಿ ಹಿಡಿದಾಗ ಅದಕ್ಕೆ ಎಣಿಕೆಯ ಗುರುತು ಮತ್ತೆ ಸಿಗುತ್ತದೆ. ಈ ಕೆಲಸ ಮುಗಿಯುವವರೆಗೆ ಬೆರಳು ಸಿಕ್ಕರೆ ಹಿಂದೆ ಸರಿಯುವ ರಕ್ಷಣೆಯೂ ಇರುವುದಿಲ್ಲವೆಂದೇ ಇಟ್ಟುಕೊಳ್ಳಿ, ಮಕ್ಕಳನ್ನು ದೂರ ನಿಲ್ಲಿಸಿ.

ಮಡಿಕೇರಿ ಕಡೆ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ವಾರಗಟ್ಟಲೆ ಶೆಡ್ಡಿನಲ್ಲಿ ನಿಂತ ಕಾರಿನ ಬ್ಯಾಟರಿ ಬಿಚ್ಚಿಡುವವರು, ಬಿಚ್ಚುವ ಮೊದಲೇ ಗಾಜು ಮುಚ್ಚಿಬಿಡಿ. ಆಮೇಲೆ ನೆನಪಾದರೆ ಸೀಟು ಒದ್ದೆ.