ಸಾರಾಂಶ ಬೇಡ, ಅಂಟಿಕೊಂಡದ್ದನ್ನು ಬರೆಯಿರಿ

ಓದಿದ ಪುಸ್ತಕದ ಬಗ್ಗೆ ನಾಲ್ಕು ಸಾಲು ಬರೆಯೋಣ ಅಂತ ಕೂತರೆ ಬರೀ ಕಥೆಯ ಸಾರಾಂಶವೇ ಆಗಿಬಿಡುತ್ತದೆ, ಏನು ಮಾಡಲಿ ಅಂತ ಕೇಳಿದ್ದೀರಿ. ನನ್ನದೂ ಬಹಳ ದಿನ ಇದೇ ಪಾಡು. ಬೆನ್ನುಡಿಯನ್ನೇ ತಿರುಗಿಸಿ ಬರೆದ ಹಾಗಿರುತ್ತಿತ್ತು.

ಈಗ ಪುಸ್ತಕ ಮುಚ್ಚಿದ ಮೇಲೆ ಎರಡು ದಿನ ಸುಮ್ಮನಿರುತ್ತೇನೆ. ಆಮೇಲೂ ತಲೆಯಲ್ಲಿ ಉಳಿದದ್ದು ಯಾವುದೋ ಅಲ್ಲಿಂದಲೇ ಶುರು. ಹೋದ ವಾರ ತೇಜಸ್ವಿಯವರ 'ಕರ್ವಾಲೊ' (1980) ಮೂರನೇ ಸಲ ಓದಿದೆ. ಹಾರುವ ಓತಿ ಹುಡುಕಿಕೊಂಡು ಕಾಡಿಗೆ ಹೋಗುವ ಕಥೆ ಅಂತ ಒಂದೇ ಸಾಲಲ್ಲಿ ಮುಗಿಸಬಹುದು. ಆದರೆ ಈ ಸಲ ನನಗೆ ಅಂಟಿಕೊಂಡದ್ದು ಮಂದಣ್ಣ. ನಿರೂಪಕನ ಕಣ್ಣಿಗೆ ಅವನೊಬ್ಬ ಪೆದ್ದ, ಉಂಡಾಡಿ. ವಿಜ್ಞಾನಿ ಕರ್ವಾಲೊ ಮಾತ್ರ ಅವನಲ್ಲಿ ಹುಟ್ಟು ನಿಸರ್ಗತಜ್ಞನನ್ನು ಕಾಣುತ್ತಾರೆ. ಹಿಂದಿನ ಎರಡು ಓದಿನಲ್ಲಿ ನನಗೆ ಓತಿ ಸಿಗುತ್ತದೋ ಇಲ್ಲವೋ ಅನ್ನುವುದೇ ಆತುರ. ಮಂದಣ್ಣ ಬಂದಾಗಲೆಲ್ಲ ನಕ್ಕು ಪುಟ ತಿರುಗಿಸಿದ್ದೆ. ಈ ಬಾರಿ ಆ ನಗು ನೆನಪಾಗಿ ಮುಜುಗರವಾಯಿತು. ನಾನು ಬರೆದದ್ದು ಆ ಮುಜುಗರದ ಬಗ್ಗೆಯೇ. ಓತಿಯ ಗತಿ ಏನಾಯಿತು ಅಂತ ಹೇಳಲೇ ಇಲ್ಲ. (ಓದದವರ ಶಾಪವೂ ತಪ್ಪಿತು.)

ಓದುವಾಗ ಪೆನ್ಸಿಲ್ ಕೈಯಲ್ಲಿರಲಿ. ಅಡಿಗೆರೆ ಎಳೆಯುವುದಕ್ಕಿಂತ, ಬೇಸರ ಬಂದು ಪುಸ್ತಕ ಕೆಳಗಿಟ್ಟ ಕಡೆ ಒಂದು ಚುಕ್ಕಿ ಇಡಿ. ಬರೆಯುವಾಗ ಆ ಚುಕ್ಕಿಗಳೇ ಹೆಚ್ಚು ಕೆಲಸಕ್ಕೆ ಬರುತ್ತವೆ. ಎಲ್ಲರೂ ಹೊಗಳಿದ ಪುಸ್ತಕವಾದರೂ ಬೇಸರ ಬಂದದ್ದನ್ನು ಮುಚ್ಚಿಡಬೇಡಿ.

ಅಂದ ಹಾಗೆ, ಸದ್ಯ ನೀವು ಓದುತ್ತಿರುವುದು ಯಾವುದು?