ಚಿಪ್ ಹಾಕಿಸ್ಕೊಂಡ ಹುಡುಗನ ಕಥೆ ಮುಂದೆ ಹೋಗ್ತಿಲ್ಲ ಅಂದವರಿಗೆ

ಕಥೆ ಸಿಕ್ಕಾಕ್ಕೊಂಡಿದ್ದು ಬಹುಶಃ ನೆನಪನ್ನ ವಿಡಿಯೋ ಫೈಲ್ ಥರ ತಗೊಂಡಿದ್ದಕ್ಕೆ. ನಿಮ್ಮ ಕಥೆಲಿ ಕಾರವಾರದ ಹತ್ರ ಬೈತಖೋಲದ ಹುಡುಗ ಮೆದುಳಿಗೆ ನೆನಪು ತೋರಿಸೋ ಚಿಪ್ ಹಾಕಿಸ್ಕೊಂಡು, ಅಪ್ಪ ಬೋಟ್ ಹತ್ತಿದ ಕೊನೇ ಬೆಳಗನ್ನ ಬೇಕಾದಾಗೆಲ್ಲ ನೋಡ್ತಾನೆ ಅಂದ್ರಲ್ಲ, ಅವನಿಗೆ ಕೇಳಿದ್ದೆಲ್ಲ ಸಿಕ್ಕಿಬಿಟ್ರೆ ಮುಂದೆ ಏನಾಗ್ಬೇಕು ಹೇಳಿ?

ಮೊದಲು ನೆನಪಿನ ಮರುಗಟ್ಟುವಿಕೆ, ಅಂದ್ರೆ ಎಬ್ಬಿಸಿದ ನೆನಪು ಮತ್ತೆ ಗಟ್ಟಿಯಾಗೋದ್ರ ಬಗ್ಗೆ ಓದಿ. 2000ರಲ್ಲಿ ಮೆದುಳಿನ ವಿಜ್ಞಾನಿ ಕರೀಮ್ ನಾದರ್ ಮತ್ತು ಜೊತೆಯವರು ಇಲಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ಗಟ್ಟಿಯಾಗಿ ಕೂತ ಭಯದ ನೆನಪು ಕೂಡ ಮತ್ತೆ ಎಬ್ಬಿಸಿದಾಗ ಸ್ವಲ್ಪ ಹೊತ್ತು ಸಡಿಲ ಆಗತ್ತೆ, ಆಗ ಅದು ಬದಲಾಗಬಹುದು ಅಂತ ಗೊತ್ತಾಯ್ತು. ಇದನ್ನ ನಿಮ್ಮ ಹುಡುಗನಿಗೆ ಹಚ್ಚಿ ನೋಡಿ, ಅವನು ಪ್ರತಿ ಸಲ ನೋಡಿದಾಗ್ಲೂ ಆ ಬೆಳಗು ಒಂಚೂರು ಬೇರೆ ಆಗ್ತಾ ಹೋಗತ್ತೆ, ಅಪ್ಪನ ಅಂಗಿ ನೀಲಿಯೋ ಹಸಿರೋ ಅಂತ ಅಮ್ಮನ ಹತ್ರ ಜಗಳ ಆಗತ್ತೆ, ಕೊನೆಗೆ ನೋಡೋದಾ ಉಳಿಸ್ಕೊಳ್ಳೋದಾ ಅನ್ನೋ ಸಂಕಟ ಬರತ್ತೆ. ನನಗೆ ಇದೇ ಕಥೆಯ ಜೀವ ಅನ್ಸತ್ತೆ.

ಆಮೇಲೆ ಚಿಪ್‌ಗೂ ಒಂದು ಮಿತಿ ಕೊಡಿ. 2024ರಲ್ಲಿ ನ್ಯೂರಾಲಿಂಕ್ ಕಂಪನಿ ತನ್ನ ಮೆದುಳಿನ ಚಿಪ್ಪನ್ನ ಮೊದಲ ಸಲ ಮನುಷ್ಯನಿಗೆ ಹಾಕಿದ ಮೇಲೆ, ಸಿಗ್ನಲ್ ಹಿಡಿಯೋ ಅದರ ಕೆಲವು ತೆಳು ಎಳೆಗಳು ಮೆದುಳಿಂದ ಹಿಂದೆ ಸರಿದಿದ್ವು, ಸಿಗ್ನಲ್ ಕಡಿಮೆ ಆಗಿತ್ತು. ನಿಮ್ಮ ಕಥೆಲೂ ಹಂಗೇ ಏನೋ ಸಡಿಲ ಆಗ್ಲಿ.

ನೀವು ಕಥೆಲಿ ಹಾಕಿರೋ ಎರಡು ಪ್ಯಾರಾ ತಂತ್ರಜ್ಞಾನದ ವಿವರಣೆ ತೆಗೆದುಬಿಡಿ. ಬದಲಿಗೆ ಒಣಮೀನಿನ ವಾಸನೆ ತನ್ನಿ, ವಾಸನೆಗೆ ಮೆದುಳಿನ ಭಾವನೆ-ನೆನಪಿನ ಭಾಗಗಳಿಗೆ ಹತ್ತಿರದ ದಾರಿ ಇದೆ, ಚಿಪ್ ತೋರಿಸದೇ ಇದ್ದದ್ದು ಅಲ್ಲಿ ಬರ್ಲಿ.

ಅಂತ್ಯ ಬದಲಿಸಬೇಕಾ ಅಂತ ಕೇಳಿದ್ರಲ್ಲ, ಅದನ್ನ ಕಥೆ ಪೂರ್ತಿ ಓದದೆ ಹೇಳೋದು ಕಷ್ಟ. ಎರಡನೇ ಸಲ ನೋಡೋ ದೃಶ್ಯದಿಂದ ಮತ್ತೆ ಬರೀರಿ.